ಎಂಟು ಕಿಲೋದ ಕೈ

ನಮ್ಮ ಮನೆಯಲ್ಲಿ ಮೂವರಿದ್ದೇವೆ. ನಾನು, ಇವರು, ಮತ್ತು ನನ್ನ ಸವತಿ. ಗಾಬರಿಯಾಗಬೇಡಿ, ಸವತಿ ಎಂದರೆ ಇವರ ಮೋಟಾರ್ ಸೈಕಲ್ಲು. ನಮ್ಮ ಮಾವನವರು ಕೊಂಡಿದ್ದ ಗಾಡಿ, ನನಗಿಂತ ಎಂಟು ವರ್ಷ ದೊಡ್ಡದು. ನನಗೀಗ ಐವತ್ತೆಂಟು. ನಾನು ಕೆಮ್ಮಿದರೆ ತಲೆ ಎತ್ತದೆ "ಬಿಸಿನೀರು ಕುಡಿ" ಎನ್ನುವ ಮನುಷ್ಯ, ಅದು ಕೆಮ್ಮಿದರೆ ಊಟದ ತಟ್ಟೆ ಬಿಟ್ಟು ಎದ್ದು ಓಡುತ್ತಾರೆ. ಮೂವತ್ತೊಂದು ವರ್ಷದಿಂದ ನೋಡುತ್ತಿದ್ದೇನೆ. ಮೊದಮೊದಲು ಹೊಟ್ಟೆಕಿಚ್ಚಾಗುತ್ತಿತ್ತು, ಈಗ ಅಭ್ಯಾಸವಾಗಿದೆ.

ಮನೆಯ ಮುಂದಿನ ಕೋಣೆ ಇವರ ತಕ್ಕಡಿ ರಿಪೇರಿ ಅಂಗಡಿ, ಹಿಂದಿನ ಕೋಣೆ ನನ್ನ ಬೇಕರಿ. ನಡುವೆ ಒಂದು ಬಾಗಿಲು. ಆ ಕಡೆ ಎಣ್ಣೆ ವಾಸನೆ, ಈ ಕಡೆ ಬ್ರೆಡ್ಡಿನ ವಾಸನೆ. ಊರಿನ ಅರ್ಧ ತಕ್ಕಡಿಗಳು ಇವರ ಕೈ ದಾಟಿಯೇ ಹೋಗುತ್ತವೆ. ಸರಿಮಾಡಿ, ತೂಕದ ಕಲ್ಲು ಇಟ್ಟು ನೋಡಿ, ಕೊನೆಗೆ ಮುಚ್ಚಳದ ಸ್ಕ್ರೂ ಮೇಲೆ ಕೆಂಪು ಬಣ್ಣದ ಒಂದು ಬೊಟ್ಟು ಇಡುತ್ತಾರೆ. ಬೊಟ್ಟು ಒಡೆದಿದ್ದರೆ ಯಾರೋ ಒಳಗೆ ಕೈಯಾಡಿಸಿದ್ದಾರೆ ಎಂದರ್ಥ. ಒಮ್ಮೆ ಒಬ್ಬ ಹಣ್ಣಿನ ವ್ಯಾಪಾರಿ "ಸ್ವಲ್ಪ ನನ್ ಕಡೆ ವಾಲೋ ಹಾಗೆ ಮಾಡ್ಕೊಡಿ" ಎಂದು ನಗುನಗುತ್ತಾ ಕೇಳಿದ್ದಕ್ಕೆ, ಅವನ ತಕ್ಕಡಿಯನ್ನು ಎತ್ತಿ ರಸ್ತೆಗಿಟ್ಟು ಬಾಗಿಲು ಹಾಕಿಕೊಂಡವರು ಇವರು. ನನ್ನ ಮುಂದೆ ನೂರು ಸುಳ್ಳು ಹೇಳಿದ್ದಾರೆ, ಇಲ್ಲವೆನ್ನುವುದಿಲ್ಲ. ತಕ್ಕಡಿಯ ಮುಂದೆ ಮಾತ್ರ ಒಂದೂ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪ್ರತಿ ಭಾನುವಾರ ಬೆಳಿಗ್ಗೆ ನಾವಿಬ್ಬರೂ ಗಾಡಿಯಲ್ಲಿ ಇವರ ಅಕ್ಕನ ಮನೆಗೆ ಹೋಗುತ್ತೇವೆ. ಮಂಡಿನೋವಿನ ಅಕ್ಕ ಊರಿನ ಮೇಲ್ಭಾಗದಲ್ಲಿದ್ದಾರೆ, ಕೆಳಗಿಳಿಯುವುದಿಲ್ಲ. ಅಲ್ಲಿಗೆ ಒಂದೇ ಏರು, ಅದರಲ್ಲಿ ಮೂರು ತಿರುವು. ನನ್ನ ತೊಡೆಯ ಮೇಲೆ ಬ್ರೆಡ್ಡಿನ ಪೆಟ್ಟಿಗೆ, ಮುಂದೆ ಇವರ ಬೆನ್ನು. ಮದುವೆಯಾದ ಮೊದಲ ವಾರದಿಂದ ಇದೇ ಪದ್ಧತಿ. ಜಗಳವಾಡಿ ಮಾತು ಬಿಟ್ಟಿದ್ದ ಭಾನುವಾರಗಳಲ್ಲೂ ಹೋಗಿದ್ದೇವೆ, ಮಾತಾಡದೇ ಹತ್ತಿದ್ದೇವೆ.

ಒಂದು ಭಾನುವಾರ ಎರಡನೇ ತಿರುವಿನಲ್ಲಿ ಗಾಡಿ ಕಿರುಚಿಕೊಂಡಿತು. ಎಂಜಿನ್ ಬಾಯಿ ಬಡಿದುಕೊಳ್ಳುತ್ತಿದೆ, ಚಕ್ರ ಮಾತ್ರ ತನಗೇನೂ ಸಂಬಂಧವಿಲ್ಲದ ಹಾಗೆ ನಿಧಾನವಾಗುತ್ತಿದೆ.

"ಇಳಿ," ಎಂದರು ಇವರು.

"ನಾನ್ಯಾಕೆ ಇಳೀಲಿ? ಅದನ್ನ ಬೈರಿ."

"ಕ್ಲಚ್ ಜಾರ್ತಿದೆ ಕಣೇ. ಇಳಿ ಸುಮ್ನೆ."

ಇಳಿದೆ. ಸವತಿ ಹಗುರಾಗಿ ಇವರೊಬ್ಬರನ್ನೇ ಕೂರಿಸಿಕೊಂಡು ಮೇಲೆ ಹೋಯಿತು. ನಾನು ಪೆಟ್ಟಿಗೆ ಹೊತ್ತು ಹಿಂದಿನಿಂದ ನಡೆದೆ. ಮೇಲೆ ತಲುಪಿದಾಗ ನನ್ನ ಉಸಿರು ಎಲ್ಲೋ, ನಾನೆಲ್ಲೋ.

ಆಮೇಲೆ ಇವರು ಬಿಡಿಸಿ ಹೇಳಿದರು. ಕ್ಲಚ್ಚಿನೊಳಗೆ ಒಂದರ ಮೇಲೊಂದು ಕೂತ ಪ್ಲೇಟುಗಳಿವೆ, ಆರು ಸ್ಪ್ರಿಂಗುಗಳು ಅವನ್ನು ಒತ್ತಿ ಹಿಡಿದಿರುತ್ತವೆ. ಹಿಡಿತ ಕಮ್ಮಿಯಾದರೆ ಪ್ಲೇಟುಗಳು ಜಾರುತ್ತವೆ, ಅದೂ ಏರಿನಲ್ಲಿ, ಅದೂ ಇಬ್ಬರು ಕೂತಾಗ. ಯಾರ ಭಾರಕ್ಕೆ ಜಾರಿತು ಎಂದು ನಾನು ಕೇಳಲಿಲ್ಲ. ಜೀವಮಾನವೆಲ್ಲ ತೂಕ ಹೇಳಿದ ಮನುಷ್ಯ, ಅವರೂ ಹೇಳುವ ಧೈರ್ಯ ಮಾಡಲಿಲ್ಲ. ನಾವು ಎಡಗೈಯಲ್ಲಿ ಲಿವರ್ ಹಿಡಿದಾಗ ಎಳೆಯುವುದು ಆ ಆರು ಸ್ಪ್ರಿಂಗುಗಳ ಬಲವನ್ನೇ ಎಂದೂ ಹೇಳಿದರು. ಆಗ ಅದು ನನ್ನ ತಲೆಗೆ ಹೋಗಲಿಲ್ಲ.

ಸೋಮವಾರ ಹಳೇ ಸ್ಪ್ರಿಂಗುಗಳನ್ನು ಬಿಚ್ಚಿ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಂಡು ಸಿಗಲ್ಲಪ್ಪನ ಅಂಗಡಿಗೆ ಹೋದೆವು. ಹಳೇ ಗಾಡಿಗಳ ಬಿಡಿಭಾಗ ಮಾರುವ ಈತನ ನಿಜವಾದ ಹೆಸರು ಈತನಿಗಾದರೂ ನೆನಪಿದೆಯೋ ಇಲ್ಲವೋ. ಏನು ಕೇಳಿದರೂ ಮೊದಲು "ಸಿಗಲ್ಲ" ಎನ್ನುತ್ತಾನೆ, ಆಮೇಲೆ ಏಣಿ ಹತ್ತುತ್ತಾನೆ.

"ಆ ಗಾಡೀದಾ? ಸಿಗಲ್ಲ," ಎಂದು ಏಣಿ ಹತ್ತಿದ. ಧೂಳು ಉದುರಿಸುತ್ತಾ ಎರಡು ಡಬ್ಬಿ ಇಳಿಸಿದ. "ಕಂಪನಿದು ನಿಂತು ಕಾಲ ಆಯ್ತು ಯಜಮಾನ್ರೇ. ಇದು ತೆಳು ತಂತಿ, ಮೆತ್ತಗಿರುತ್ತೆ. ಇದು ದಪ್ಪ ತಂತಿ, ಪಂದ್ಯದಲ್ಲಿ ಓಡಿಸೋರು ಹಾಕಿಸ್ತಿದ್ರು. ಎರಡರ ಮಧ್ಯದ್ದು ಬೇಕು ಅಂದ್ರೆ..."

"ಸಿಗಲ್ಲ," ಎಂದೆ ನಾನು.

"ಅಮ್ಮಾವ್ರಿಗೆ ವ್ಯಾಪಾರ ಗೊತ್ತಾಗೋಯ್ತು," ಎಂದ.

ಇವರು ಕನ್ನಡಕ ಏರಿಸಿ ಹಳೇ ಆರನ್ನೂ ಗಾಜಿನ ಮೇಲೆ ಸಾಲಾಗಿ ನಿಲ್ಲಿಸಿ ಅಳೆದರು. ಹೊಸದರ ಪಕ್ಕ ಇಟ್ಟರೆ ಒಂದೊಂದೂ ಮೂರು ಮಿಲಿಮೀಟರು ಕುಗ್ಗಿದ್ದವು. ಹೊಸತರಲ್ಲಿ ಒಂದೊಂದನ್ನೇ ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ನೋಡಿದರು. ಒತ್ತಿದ್ದು ಬಲಗೈಯಲ್ಲಿ. ಎಡಗೈ ಜೇಬಿನಲ್ಲಿತ್ತು. ಇದೂ ಆಗ ನನ್ನ ತಲೆಗೆ ಹೋಗಲಿಲ್ಲ. ನಾನು ಅಂಗಡಿಯವನ ಬೆಕ್ಕನ್ನು ನೋಡುತ್ತಿದ್ದೆ.

"ದಪ್ಪದ್ದೇ ಇರಲಿ," ಎಂದರು ಮೀಸೆ ತಿರುವುವ ಗತ್ತಿನಲ್ಲಿ, ಮೀಸೆ ಇಲ್ಲದಿದ್ದರೂ.

"ಎರಡೂ ಕೊಡಪ್ಪ," ಎಂದೆ. ಟ್ರೇ ಕೊಳ್ಳುವಾಗಲೂ ನನ್ನದು ಇದೇ ಲೆಕ್ಕ, ಒಂದು ಅಳತೆ ನಂಬಿ ಮನೆಗೆ ಬರುವವಳಲ್ಲ.

ಗಟ್ಟಿ ಸ್ಪ್ರಿಂಗು ಹಾಕಿದರು. ಮುಂದಿನ ಭಾನುವಾರ ಗಾಡಿ ನಮ್ಮಿಬ್ಬರನ್ನೂ, ಪೆಟ್ಟಿಗೆಯನ್ನೂ ಹೊತ್ತು ಮೂರು ತಿರುವನ್ನೂ ಒಂದೇ ಉಸಿರಿಗೆ ಹತ್ತಿಬಿಟ್ಟಿತು. ಇವರು ಶಿಳ್ಳೆ ಹಾಕಿದರು. ಅಕ್ಕನ ಮನೆಯಲ್ಲಿ ಎರಡು ಲೋಟ ಟೀ ಹೆಚ್ಚಿಗೆ ಕುಡಿದರು.

ವಾಪಸು ಬರುವಾಗ ಪೇಟೆಯ ಸಿಗ್ನಲ್ಲಿನಲ್ಲಿ ಕೆಂಪು ದೀಪ. ಲಿವರ್ ಹಿಡಿದು ನಿಂತಿದ್ದೇವೆ. ಇದ್ದಕ್ಕಿದ್ದಂತೆ ಗಾಡಿ ಮುಂದಕ್ಕೆ ನೆಗೆದು, ಎದುರಿನ ಹಾಲಿನ ವ್ಯಾನಿಗೆ ತಗುಲಿ ಆಫ್ ಆಯಿತು. ನನ್ನ ಗಲ್ಲ ಇವರ ಬೆನ್ನಿಗೆ ಬಡಿಯಿತು. ಯಾರಿಗೂ ಏನೂ ಆಗಲಿಲ್ಲ. ವ್ಯಾನಿನವನು ಇಳಿದು ಬಂದು ತನ್ನ ಬಂಪರ್ ಸವರಿ ನೋಡಿ, "ಏನಾಯ್ತು ಯಜಮಾನ್ರೇ?" ಎಂದು ಕೇಳಿದ.

"ಬೆವರಿಗೆ ಕೈ ಜಾರ್ತು," ಎಂದರು ಇವರು.

ಅವತ್ತು ನಾನು ಸ್ವೆಟರ್ ಹಾಕಿಕೊಂಡಿದ್ದೆ. ಅಂಥ ಚಳಿಯಲ್ಲಿ ಎಲ್ಲಿಯ ಬೆವರು? ಮನೆಗೆ ಬರುವಷ್ಟರಲ್ಲಿ ನನಗೆ ಒಂದೊಂದೇ ಹೊಳೆಯತೊಡಗಿತು. ಇವರು ಲೋಟವನ್ನು ಬಲಗೈಗೆ ಬದಲಾಯಿಸಿಕೊಂಡಿದ್ದು. ಜಾಮಿನ ಬಾಟಲಿ ಮುಚ್ಚಳವನ್ನು "ನಿನ್ ಕೈಗೆ ಅಭ್ಯಾಸ" ಎಂದು ನನ್ನ ಕಡೆ ತಳ್ಳಿದ್ದು. ಎಡಗೈ ಯಾವಾಗಲೂ ಜೇಬಿನಲ್ಲಿರುವುದು. ನನಗೆ ಹೆದರಿಕೆಯಾಯಿತು. ಹೆದರಿಕೆಯಾದರೆ ನನಗೆ ಸಿಟ್ಟು ಬರುತ್ತದೆ, ಅದು ನನ್ನ ಹುಟ್ಟುಗುಣ.

"ಕೈ ತೋರಿಸಿ," ಎಂದೆ.

"ಏನಾಗಿದೆ ಕೈಗೆ?"

"ಅದನ್ನೇ ನೋಡ್ತೀನಿ, ತೋರಿಸಿ."

ಹೆಬ್ಬೆರಳಿನ ಬುಡ ಊದಿತ್ತು. ಒತ್ತಿದರೆ ಹುಬ್ಬು ಗಂಟಾಗುತ್ತಿತ್ತು. ಎಷ್ಟು ದಿನದಿಂದ ಎಂದರೆ "ಈಚೆಗೆ" ಎಂದರು. ಇವರ "ಈಚೆಗೆ" ಎಂದರೆ ಎರಡು ವರ್ಷವೂ ಆಗಬಹುದು. ಡಾಕ್ಟರನ್ನು ಯಾವಾಗಲೋ ಗುಟ್ಟಾಗಿ ನೋಡಿ ಬಂದಿದ್ದರಂತೆ. ಕೀಲು ಸವೆದಿದೆ, ಮತ್ತೆ ಮೊದಲಿನ ಬಲ ಬರುವುದಿಲ್ಲ ಎಂದಿದ್ದರಂತೆ. ಅದನ್ನು ಕೇಳಿ ನಾನು ಕಾನೂನು ಹಾಕಿದೆ.

"ನೋಡಿ, ನಿಮ್ ಕೈ ಎಷ್ಟು ಕಿಲೋ ಎಳೆಯುತ್ತೋ ಅಷ್ಟರೊಳಗಿನ ಸ್ಪ್ರಿಂಗೇ ಹಾಕ್ಬೇಕು. ಬಾಯಿಮಾತು ಬೇಡ. ತಕ್ಕಡಿ ಹೇಳ್ಲಿ."

ತಕ್ಕಡಿಯ ಹೆಸರೆತ್ತಿದರೆ ಇವರು ಇಲ್ಲವೆನ್ನುವಂತಿಲ್ಲ. ಸೋಮವಾರ ಕೊಕ್ಕೆ ತಕ್ಕಡಿಯನ್ನು ಕಿಟಕಿಯ ಸರಳಿಗೆ ಕಟ್ಟಿದರು. ಗುಂಡಗಿನ ಮುಖ, ಒಳಗೊಂದು ಸ್ಪ್ರಿಂಗು, ಕೆಳಗೆ ಕೊಕ್ಕೆ. ಮೂಟೆ ನೇತುಹಾಕಿ ತೂಗುವಂಥದ್ದು. ಕೊಕ್ಕೆಗೆ ನಾಲ್ಕು ಬೆರಳು ಹಾಕಿ ಎಡಗೈಯಲ್ಲಿ ಎಳೆದರು. ಮುಳ್ಳು ಎಂಟಕ್ಕೆ ಹೋಗಿ ನಿಂತು ನಡುಗಿತು. ಮೂರು ಸಲ ಎಳೆದರು, ಮೂರು ಸಲವೂ ಎಂಟು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ "ಕೈ: ೮" ಎಂದು ಬರೆದರು. ಇವರ ಮುಖ ನೋಡಲಾರದೆ ನಾನು ಒಲೆ ನೋಡುವ ನೆಪದಲ್ಲಿ ಒಳಗೆ ಹೋದೆ.

ಮಂಗಳವಾರ ಮೆತ್ತನೆಯ ಸ್ಪ್ರಿಂಗು ಹಾಕಿದರು. ತಕ್ಕಡಿಯ ಕೊಕ್ಕೆಯನ್ನು ಲಿವರಿನ ತುದಿಗೆ ಸಿಕ್ಕಿಸಿ ಎಳೆದರೆ ಆರು ಕಿಲೋ. ಕೈಗೆ ಹೂವಿನಷ್ಟು ಹಗುರ. ಏರಿಗೆ ಹೋದೆವು. ಮೊದಲನೇ ತಿರುವಿನಲ್ಲೇ ಜಾರಿತು, ನಾನು ಇಳಿದೆ. ಬುಧವಾರ ಮೂರು ಮೆತ್ತನೆಯದು, ಮೂರು ಗಟ್ಟಿಯದು, ಒಂದು ಬಿಟ್ಟು ಒಂದು. ಏಳೂವರೆ ಕಿಲೋ. ನನಗೆ ಭಾರಿ ಆಸೆ ಹುಟ್ಟಿತು. ಮೊದಲನೇ ತಿರುವು ದಾಟಿತು, ಎರಡನೆಯದೂ ದಾಟಿತು, ಮೂರನೆಯದರಲ್ಲಿ, ಅಕ್ಕನ ಮನೆಯ ಗೇಟು ಕಾಣುವ ಕಡೆ, ಮತ್ತೆ ಅದೇ ಕಿರುಚಾಟ. ಆ ಏರಿನಲ್ಲಿ ಬೀಡಾ ಅಂಗಡಿ ಇಟ್ಟುಕೊಂಡವನಿಗೆ ಆ ವಾರ ನಾನು ಗಾಡಿಯಿಂದ ಇಳಿಯುವುದನ್ನು ನೋಡುವುದೇ ಕೆಲಸವಾಗಿತ್ತು.

"ಒಂದು ಮಾತು ಹೇಳ್ತೀನಿ," ಎಂದೆ ಇಳಿಯುತ್ತಾ. "ಮೆತ್ತನೇದೇ ಹಾಕಿ ನೀವೊಬ್ಬರೇ ಗಾಡೀಲಿ ಬನ್ನಿ. ನಾನು ಬ್ರೆಡ್ ಹಂಚೋ ಸ್ಕೂಟರಲ್ಲಿ ಬರ್ತೀನಿ. ಮೇಲೆ ಸಿಗೋಣ."

ಇವರು ಗಾಡಿಯ ಕನ್ನಡಿ ಒರೆಸಿದರು, ಅದು ಸ್ವಚ್ಛವಾಗಿಯೇ ಇತ್ತು. ಆಮೇಲೆ, "ಹೋಟೆಲ್ಲಿನೋರಿಗೆ ಶನಿವಾರ ಬರೋಕೆ ಹೇಳ್ತೀನಿ," ಎಂದರು.

ಹೋಟೆಲ್ಲಿನವರ ಸಂಗತಿ ಹೇಳಬೇಕು. ಪೇಟೆಯಲ್ಲಿ ಹೊಸ ಹೋಟೆಲು ಕಟ್ಟಿಸಿದವರು ಒಂದು ವರ್ಷದಿಂದ ಈ ಗಾಡಿಯ ಹಿಂದೆ ಬಿದ್ದಿದ್ದರು. ಬಾಗಿಲ ಹತ್ತಿರ, ಹೂಕುಂಡದ ಪಕ್ಕ ಶೋಭೆಗೆ ನಿಲ್ಲಿಸುತ್ತಾರಂತೆ. ಟ್ಯಾಂಕಿನಲ್ಲಿ ಪೆಟ್ರೋಲು ಹಾಕುವುದೇ ಬೇಡವಂತೆ. ಹಿಂದೆ ಅವರು ಕೇಳಿದಾಗಲೆಲ್ಲ ಇವರು ಉರಿದು ಬೀಳುತ್ತಿದ್ದರು. ಈಗ ತಾವಾಗಿ ಕರೆಯುತ್ತಾರಂತೆ. ಸವತಿ ತೊಲಗಿದರೆ ಕುಣಿಯಬೇಕಾದವಳು ನಾನು. ಆದರೆ ಗಾಡಿ ಹೋದ ಮೇಲೆ ಇವರು ಏನಾಗುತ್ತಾರೆ ಎಂದು ನನಗೆ ಗೊತ್ತಿತ್ತು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನನ್ನ ಬ್ರೆಡ್ಡಿಗೆ ಸಲಹೆ ಕೊಡುತ್ತಾರೆ. ಒಂದೇ ವರ್ಷದಲ್ಲಿ ಮುದುಕರಾಗುತ್ತಾರೆ. ಅದು ನನಗೆ ಬೇಡವಾಗಿತ್ತು.

ಗುರುವಾರ ಸಂಜೆ ಹಿಟ್ಟು ಜರಡಿ ಹಿಡಿಯುತ್ತಿದ್ದೆ. "ಬಾರೇ ಇಲ್ಲಿ" ಎಂದು ಕೂಗಿದರು. ಗಟ್ಟಿ ಸ್ಪ್ರಿಂಗು ಆರೂ ಮತ್ತೆ ಕೂತಿದ್ದವು. "ಕೇಬಲ್ಲಿಗೆ ಎಣ್ಣೆ ಬಿಟ್ಟಿದ್ದೀನಿ, ನೋಡು ಈಗ," ಎಂದು ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆದರು. ಲಿವರ್ ಪೂರ್ತಿ ಬಂತು. ಮುಳ್ಳು ಎಂಟಕ್ಕೆ ನಿಂತಿತು. ನಾನೇ ಬಗ್ಗಿ ನೋಡಿದೆ, ಗೆರೆಯ ಮೇಲೇ ಇತ್ತು.

"ಎಂಟಕ್ಕೆ ಎಂಟು," ಎಂದರು ಇವರು, ನನ್ನ ಕಡೆ ನೋಡದೆ.

ಮೆತ್ತನೆಯದು ಆರು, ಅರ್ಧಕ್ಕರ್ಧ ಬೆರೆಸಿದರೆ ಏಳೂವರೆ, ಹಾಗಾದರೆ ಪೂರ್ತಿ ಗಟ್ಟಿಯದು ಎಷ್ಟಿರಬೇಕು? ಒಂದು ಸೇರು ಸಕ್ಕರೆಗೆ ಎಷ್ಟು ಬನ್ನು ಎಂದು ನಿದ್ದೆಗಣ್ಣಲ್ಲೂ ಹೇಳುವ ನನಗೆ ಈ ಲೆಕ್ಕ ಆಗಲೇ ಹೊಳೆಯಬೇಕಿತ್ತು. ಖುಷಿಯಲ್ಲಿದ್ದವಳಿಗೆ ಲೆಕ್ಕ ಯಾಕೆ ಬೇಕು. ತಕ್ಕಡಿ ಹೇಳಿತ್ತು, ಮುಗಿಯಿತು. ಹೋಟೆಲ್ಲಿನವರಿಗೆ ಬರಬೇಡಿ ಎಂದು ಹೇಳಿ ಎಂದೆ. ಹಿಟ್ಟಿನ ಕೈಯಲ್ಲೇ ಇವರ ಬೆನ್ನಿಗೆ ಒಂದು ಗುದ್ದು ಕೊಟ್ಟೆ, ಅಂಗಿಯ ಮೇಲೆ ಬಿಳೀ ಮುದ್ರೆ ಬಿತ್ತು. ಅಷ್ಟರಲ್ಲಿ ಯಾರೋ ಗಿರಾಕಿ ಕೆಟ್ಟ ತಕ್ಕಡಿ ಹಿಡಿದು ಬಂದ, ಇವರು ಅತ್ತ ಹೋದರು.

ಶುಕ್ರವಾರ ಬೆಳಿಗ್ಗೆ ನನ್ನ ಹಿಟ್ಟು ಕೈಕೊಟ್ಟಿತು.

ನನ್ನ ಬೇಕರಿಯ ದೊಡ್ಡ ತಕ್ಕಡಿ ಎರಡು ತಿಂಗಳಿಂದ ಇವರ ಮೇಜಿನ ಮೇಲೆ ಭಾಗಭಾಗವಾಗಿ ಬಿದ್ದಿತ್ತು. ರಿಪೇರಿಯವರ ಮನೆಯ ತಕ್ಕಡಿಗೆ ಸರದಿ ಬರುವುದು ಊರಿನದೆಲ್ಲ ಮುಗಿದ ಮೇಲೆ. ಹಾಗಾಗಿ ನಾನು ಕೊಕ್ಕೆ ತಕ್ಕಡಿಗೇ ಬಕೆಟ್ ನೇತುಹಾಕಿ ಮೈದಾ ತೂಗಿಕೊಳ್ಳುತ್ತಿದ್ದೆ. ಅವತ್ತೂ ಹಾಗೇ ಎಂಟು ಕಿಲೋ ತೂಗಿ, ಯಾವಾಗಿನ ಅಳತೆಯ ನೀರು ಹಾಕಿ ನಾದಲು ಕೂತರೆ ಹಿಟ್ಟು ಮಾತು ಕೇಳುತ್ತಿಲ್ಲ. ಗಟ್ಟಿ. ಮೊಣಕೈವರೆಗೆ ಬಲ ಹಾಕಿದರೂ ಮಡಚಿಕೊಳ್ಳುತ್ತಿಲ್ಲ. ನೀರು ಸೇರಿಸಿದೆ, ಸಾಲಲಿಲ್ಲ. ಉಬ್ಬುವುದಕ್ಕೆ ಇಟ್ಟರೆ ಮುನಿಸಿಕೊಂಡವರ ಹಾಗೆ ಇದ್ದಲ್ಲೇ ಕೂತಿತು. ಒಲೆಯಿಂದ ತೆಗೆದ ಬನ್ನು ಮೇಜಿನ ಮೇಲೆ ಬಿದ್ದಾಗ ಸದ್ದು ಬಂತು. ಬನ್ನಿಗೆ ಸದ್ದಿರಬಾರದು.

ಮೊದಲು ಮೈದಾ ಮೇಲೆ ಅನುಮಾನ ಬಂತು. ಸೀಲ್ ಬಿಚ್ಚದ ಹತ್ತು ಕಿಲೋದ ಚೀಲ ಕೊಕ್ಕೆಗೆ ಹಾಕಿದೆ. ಮುಳ್ಳು ಒಂಬತ್ತನ್ನೂ ಮುಟ್ಟಲಿಲ್ಲ. ಸಿಟ್ಟು ನೆತ್ತಿಗೇರಿತು. ಮಿಲ್ಲಿಗೆ ಫೋನ್ ಮಾಡಿ, ಚೀಲಕ್ಕೆ ಒಂದು ಕಿಲೋ ನುಂಗಿದರೆ ನಿಮಗೆ ದಕ್ಕುತ್ತದೆಯೇ ಎಂದು ಕೇಳಿದೆ. ಆ ಕಡೆಯವನು ಪಾಪ, "ಅಮ್ಮಾ, ಮಿಷಿನ್ ತೂಕ ಅಮ್ಮಾ" ಎಂದು ಹತ್ತು ಸಲ ಹೇಳಿದ. ಮಿಷಿನ್ನಿಗೂ ಸೇರಿಸಿ ಬೈದೆ. ಫೋನ್ ಇಟ್ಟು, ಸಕ್ಕರೆಯ ಚೀಲವನ್ನೂ ನೋಡಿಬಿಡೋಣ ಎಂದು ನೇತುಹಾಕಿದೆ. ಅದೂ ಹತ್ತು ಕಿಲೋದ್ದೇ. ಮುಳ್ಳು ಅದೇ ಜಾಗದಲ್ಲಿ ನಿಂತಿತು.

ಬೇರೆ ಬೇರೆ ಊರಿನ ಎರಡು ಕಂಪನಿ ಮಾತಾಡಿಕೊಂಡು ಒಂದೇ ಅಳತೆಯ ಮೋಸ ಮಾಡುವುದಿಲ್ಲ. ತಕ್ಕಡಿಯನ್ನು ಇಳಿಸಿ ಬೆಳಕಿಗೆ ಹಿಡಿದೆ. ಸ್ಕ್ರೂ ಮೇಲಿನ ಕೆಂಪು ಬೊಟ್ಟು ಒಡೆದಿತ್ತು.

ಆ ತಕ್ಕಡಿಗೆ ಕೈ ಹಾಕುವವರು ಈ ಭೂಮಿಯ ಮೇಲೆ ಒಬ್ಬರೇ. ಒಳಗೆ ಗಟ್ಟಿ ಸ್ಪ್ರಿಂಗು ಹಾಕಿದರೆ ಮುಳ್ಳು ಕಮ್ಮಿ ಓಡುತ್ತದೆ ಎಂಬುದು ಮೂವತ್ತೊಂದು ವರ್ಷ ಪಕ್ಕದ ಕೋಣೆಯಲ್ಲಿದ್ದವಳಿಗೆ ಗೊತ್ತಿರುವುದಿಲ್ಲವೇ. ಒಂಬತ್ತು ಕಿಲೋ ಎಂಟಾಗಿ ಕಾಣುತ್ತದೆ. ಎಂಟು ಕಿಲೋ ಮೈದಾ ಎಂದುಕೊಂಡು ನಾನು ಸುರಿದಿದ್ದು ಒಂಬತ್ತು. ಗುರುವಾರ ಎಂಟಕ್ಕೆ ನಿಂತಿದ್ದ ಆ ಲಿವರ್ ಕೇಳುವುದೂ ಒಂಬತ್ತನ್ನೇ.

ಒಂದು ತಟ್ಟೆಯಲ್ಲಿ ಎರಡು ಬನ್ನು ಇಟ್ಟುಕೊಂಡು ಮುಂದಿನ ಕೋಣೆಗೆ ಹೋದೆ. ಇವರ ಮುಂದಿಟ್ಟೆ.

"ತಿನ್ನಿ."

ಕಚ್ಚಿದರು. ಅಗಿದರು. ಬಹಳ ಹೊತ್ತು ಅಗಿದರು.

"ಗಟ್ಟಿ ಇದ್ಯಾ?" ಎಂದೆ.

"ಪರವಾಗಿಲ್ಲ."

"ಒಂಬತ್ತು ಕಿಲೋ ಮೈದಾ ಹೋಗಿದೆ. ತಕ್ಕಡಿ ಎಂಟು ಅಂತು."

ಅಗಿಯುವುದು ನಿಂತಿತು. ತಟ್ಟೆಯ ಪಕ್ಕ ಕೊಕ್ಕೆ ತಕ್ಕಡಿಯನ್ನು ಇಟ್ಟೆ, ಒಡೆದ ಬೊಟ್ಟು ಮೇಲೆ ಬರುವ ಹಾಗೆ.

"ಮಿಲ್ಲಿನೋರಿಗೆ ಬಾಯಿಗೆ ಬಂದ ಹಾಗೆ ಬೈದಿದ್ದೀನಿ. ನೀವೇ ಫೋನ್ ಮಾಡಿ ತಪ್ಪಾಯ್ತು ಅನ್ನಿ."

"ಏನಂತ ಹೇಳ್ಲಿ?"

"ತಕ್ಕಡಿ ರಿಪೇರಿಯೋನೇ ತಕ್ಕಡೀಲಿ ಮೋಸ ಮಾಡ್ದ ಅಂತ ಹೇಳಿ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಇವರ ಮುಖ ಅಷ್ಟು ಚಿಕ್ಕದಾಗಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ, ಮಾವನವರು ತೀರಿಕೊಂಡಾಗಲೂ ಇಲ್ಲ. ಬಾಯಲ್ಲಿದ್ದ ಬನ್ನನ್ನು ಕಷ್ಟಪಟ್ಟು ನುಂಗಿದರು.

"ನಿನ್ನೇನೇ ವಾಪಸ್ ಹಳೇದು ಹಾಕಿಡೋಣ ಅಂತಿದ್ದೆ. ಅಷ್ಟರಲ್ಲಿ ಗಿರಾಕಿ ಬಂದ. ಆಮೇಲೆ ಮರ್ತೇ ಹೋಯ್ತು. ನೀನು ಅಷ್ಟು ಖುಷೀಲಿದ್ದೆ..."

"ಆ ಸಿಗ್ನಲ್ಲಲ್ಲಿ ವ್ಯಾನ್ ಬದ್ಲು ಯಾರಾದ್ರೂ ಮಗು ದಾಟ್ತಾ ಇದ್ದಿದ್ರೆ?"

"ಗೊತ್ತು," ಎಂದರು. "ರಾತ್ರಿಯೆಲ್ಲ ಅದೇ ಕಣ್ಣಿಗೆ ಕಟ್ಟಿತ್ತು. ಇವತ್ತು ಬೆಳಿಗ್ಗೆ ಹೋಟೆಲ್ಲಿನೋರಿಗೆ ಫೋನ್ ಮಾಡಿ ನಾಳೆ ಬನ್ನಿ ಅಂದುಬಿಟ್ಟೆ. ನಿಂಗೆ ಹೇಳೋಕೆ ಬಾಯಿ ಬರ್ಲಿಲ್ಲ."

"ಮೆತ್ತನೇದು ಹಾಕಿ ಒಬ್ಬರೇ ಓಡಿಸಿ ಅಂತ ಹೇಳಿದ್ನಲ್ಲ. ಆರೇ ಕಿಲೋ. ಆರಾಮಾಗಿ ಇನ್ನೂ ಹತ್ತು ವರ್ಷ ಓಡಿಸ್ಬಹುದಿತ್ತು. ಅಷ್ಟಕ್ಕೆ ಈ ಕಳ್ಳತನ ಯಾಕೆ?"

ಇವರು ತಕ್ಕಡಿಯ ಗಾಜನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ಕೂತರು.

"ಒಬ್ಬನೇ ಹತ್ತೋದಾದ್ರೆ ಮೆತ್ತನೇದೇ ಸಾಕು," ಎಂದರು ಕೊನೆಗೆ. "ನೀನು ಹಿಂದೆ ಇಲ್ದೆ ಆ ಏರು ಹತ್ತಿ ನಂಗೆ ಗೊತ್ತಿಲ್ಲ ಕಣೇ. ಆವತ್ತು ನೀನು ಇಳಿದು ನಡ್ಕೊಂಡು ಬಂದ್ಯಲ್ಲ, ಒಂದು ತಿರುವು ಒಬ್ಬನೇ ಹೋದೆ. ಚೆನ್ನಾಗಿರ್ಲಿಲ್ಲ. ಹಾಗೆ ಓಡಿಸೋದಾದ್ರೆ ಹೂಕುಂಡದ ಪಕ್ಕಾನೇ ನಿಂತ್ಕೊಳ್ಳಲಿ ಅದು."

ಮೂವತ್ತೊಂದು ವರ್ಷದಲ್ಲಿ ಈ ಮನುಷ್ಯ ನನಗೆ ಹೇಳಿದ ಅತಿ ದೊಡ್ಡ ಪ್ರೀತಿಯ ಮಾತು ಅದು, ಅದನ್ನೂ ಕ್ಲಚ್ಚಿನ ಲೆಕ್ಕದಲ್ಲೇ ಹೇಳಿದರು. ನನ್ನ ಕಣ್ಣು ತುಂಬಿ ಬಂತು. ಸವತಿ ಸವತಿ ಎಂದು ಇಷ್ಟು ವರ್ಷ ಆಡಿಕೊಂಡೆನಲ್ಲ, ಇವರು ಇಬ್ಬರಲ್ಲಿ ಯಾರನ್ನು ಆರಿಸಿಕೊಂಡಿದ್ದಾರೆ ಎಂದು ಅವತ್ತು ಗೊತ್ತಾಯಿತು. ಕಣ್ಣೊರೆಸಿಕೊಳ್ಳಲು ಸೆರಗೂ ಸಿಗದೆ ಹಿಟ್ಟಿನ ಬಟ್ಟೆಯಲ್ಲೇ ಒರೆಸಿಕೊಂಡು ಮುಖವೆಲ್ಲ ಬಿಳಿ ಮಾಡಿಕೊಂಡೆ.

"ಮೊದ್ಲು ಅದರ ಒಳಗಿಂದು ಸರಿ ಮಾಡಿ," ಎಂದೆ.

ಆಗಲೇ ಬಿಚ್ಚಿದರು. ಡ್ರಾಯರಿನಿಂದ ಹಳೇ ಸ್ಪ್ರಿಂಗು ತೆಗೆದು ಕೂರಿಸಿದರು. ತೂಕದ ಕಲ್ಲುಗಳನ್ನು ಒಂದೊಂದಾಗಿ ನೇತುಹಾಕಿ ನೋಡಿದರು. ಎರಡಕ್ಕೆ ಎರಡು, ಐದಕ್ಕೆ ಐದು, ಹತ್ತಕ್ಕೆ ಹತ್ತು. ಮುಚ್ಚಳ ಹಾಕಿ ಕೆಂಪು ಬೊಟ್ಟು ಇಟ್ಟರು. ಕಿಟಕಿಯ ಸರಳಿಗೆ ತೂಗುಹಾಕಿದ್ದೇ ತಡ, ನಾನು ಕೊಕ್ಕೆಗೆ ಎಡಗೈಯ ನಾಲ್ಕು ಬೆರಳು ಹಾಕಿ ಎಳೆದೆ. ಯಾಕೆ ಎಳೆದೆನೋ ನನಗೇ ಗೊತ್ತಿಲ್ಲ. ಸಿಟ್ಟಿಗೋ, ಅಳುವಿಗೋ, ಏನನ್ನಾದರೂ ಎಳೆಯಬೇಕಿತ್ತು.

ಇವರು ಬಗ್ಗಿ ಮುಳ್ಳು ನೋಡಿದರು. ಅನುಮಾನ ಬಂದ ತಕ್ಕಡಿಗೆ ಮಾಡುವ ಹಾಗೆ ಗಾಜಿನ ಮೇಲೆ ಬೆರಳಿಂದ ಎರಡು ಸಲ ತಟ್ಟಿದರು.

"ಇನ್ನೊಂದ್ಸಲ ಎಳಿ," ಎಂದರು.

ಎಳೆದೆ.

"ಹನ್ನೆರಡೂವರೆ," ಎಂದರು, ಮೆಲ್ಲಗೆ. ಸೀಮೆಸುಣ್ಣ ತೆಗೆದುಕೊಂಡು ತಮ್ಮ ಎಂಟರ ಕೆಳಗೆ ಬರೆದರು. ಮೂವತ್ತು ವರ್ಷ ದಿನಕ್ಕೆ ಎರಡು ಸಲ ಹಿಟ್ಟು ನಾದಿದ ಕೈ, ಎಷ್ಟಿರಬೇಕಿತ್ತು ಎಂದುಕೊಂಡಿದ್ದರೋ. ಇಬ್ಬರೂ ಗೋಡೆ ನೋಡಿದೆವು. ಆಮೇಲೆ ಬಾಗಿಲಾಚೆ ನಿಂತಿದ್ದ ಗಾಡಿ ನೋಡಿದೆವು.

"ನಿಂಗೆ ಓಡಿಸೋಕೆ ಬರಲ್ಲ," ಎಂದರು.

"ಕಲಿಸಿ. ಸ್ಕೂಟರಲ್ಲಿ ಬ್ರೆಡ್ ಹಂಚೋಳು ನಾನು. ಗೇರ್ ಒಂದಿಲ್ಲ ಅದ್ರಲ್ಲಿ, ಅಷ್ಟೇ ತಾನೇ."

ಶನಿವಾರ ಹೋಟೆಲ್ ಮಾಲೀಕರು ಸಣ್ಣ ಲಾರಿಯನ್ನೇ ಕರೆದುಕೊಂಡು ಬಂದರು. ಗಾಡಿ ಕೊಡುವುದಿಲ್ಲ, ಓಡಿಸುವವರು ಸಿಕ್ಕಿದ್ದಾರೆ ಎಂದೆ. ಯಾರು ಎಂದು ಕೇಳಿದರು. ನಾನು ಎಂದೆ. ನಗು ತಡೆದುಕೊಳ್ಳಲು ಬಹಳ ಕಷ್ಟಪಟ್ಟರು ಪಾಪ. ಶ್ರಮಪಟ್ಟು ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಶುಕ್ರವಾರದ ಬನ್ನುಗಳನ್ನೆಲ್ಲ ಪೊಟ್ಟಣ ಕಟ್ಟಿ ಕೊಟ್ಟೆ. ಮಿಲ್ಲಿಗೆ ಇವರು ಫೋನ್ ಮಾಡಿ ತಪ್ಪೊಪ್ಪಿಕೊಂಡರು, ಪೂರ್ತಿ ಸತ್ಯ ಹೇಳಿಯೇ ಒಪ್ಪಿಕೊಂಡರು.

ನಾಲ್ಕು ವಾರ ಮಾರುಕಟ್ಟೆಯ ಹಿಂದಿನ ಖಾಲಿ ಬಯಲಿನಲ್ಲಿ ಮಧ್ಯಾಹ್ನ ಮಧ್ಯಾಹ್ನ ಪಾಠ ನಡೆಯಿತು. ಇವರಂಥ ಮೇಷ್ಟ್ರು ಶತ್ರುವಿಗೂ ಬೇಡ. "ಮೆತ್ತಗೆ ಬಿಡು, ಮೆತ್ತಗೆ, ಅದೇನು ಹಿಟ್ಟಾ ಗುದ್ದೋಕೆ" ಎನ್ನುತ್ತಿದ್ದರು. "ಹಿಟ್ಟಿಗೆ ನಿಮ್ಮಷ್ಟು ಬಾಯಿಲ್ಲ" ಎನ್ನುತ್ತಿದ್ದೆ. ಎರಡು ದಿನ ಮಾತು ಬಿಟ್ಟೆವು. ಒಂದು ಖಾಲಿ ಡ್ರಮ್ಮಿಗೆ ಗುದ್ದಿ ಮಂಡಿ ತರಚಿಕೊಂಡೆ. ಇವರು ಓಡಿ ಬಂದು ಮೊದಲು ನನ್ನ ಮಂಡಿ ನೋಡಿದರು, ಆಮೇಲೆ ಗಾಡಿ ನೋಡಿದರು. ಆ ಕ್ರಮವನ್ನು ನಾನು ಗಮನಿಸದೇ ಇರಲಿಲ್ಲ. ಪರೀಕ್ಷೆ ಪಾಸಾಗಿ ಲೈಸೆನ್ಸು ಕೈಗೆ ಬಂದ ದಿನ ಸಿಗಲ್ಲಪ್ಪ ಹೊಸ ಹೆಲ್ಮೆಟ್ಟು ಕೊಟ್ಟ. ನನ್ನ ತಲೆಯ ಅಳತೆಯದು ಸಿಗಲ್ಲ ಎಂದೇ ಏಣಿ ಹತ್ತಿದ್ದ.

ಆ ಭಾನುವಾರ ನಾನು ಮುಂದೆ ಕೂತೆ. ಇವರು ಬ್ರೆಡ್ಡಿನ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತರು. ಕ್ಲಚ್ಚಿನೊಳಗೆ ಆರೂ ಗಟ್ಟಿ ಸ್ಪ್ರಿಂಗುಗಳು. ಸಿಗ್ನಲ್ಲಿನಲ್ಲಿ ಲಿವರ್ ಹಿಡಿದು ನಿಂತೆ, ಕೆಂಪು ದೀಪ ಹೋಗುವವರೆಗೂ ಕೈ ಅಲುಗಲಿಲ್ಲ. ಹಿಂದಿನಿಂದ "ಹಿಡ್ದಿದ್ದೀಯಾ?" ಎಂದು ಮೂರು ಸಲ ಕೇಳಿದರು. ಬೀಡಾ ಅಂಗಡಿಯವನು ನಮ್ಮನ್ನು ನೋಡಿ ಎದ್ದೇ ನಿಂತ. ಮೊದಲನೇ ತಿರುವು ದಾಟಿತು. ಎರಡನೆಯದರಲ್ಲಿ ಇವರು ನನ್ನ ಕಿವಿಯ ಹತ್ತಿರ ಬಾಗಿದರು.

"ಇಷ್ಟು ವರ್ಷ ನಿಂಗೆ ಬರೀ ನನ್ ಬೆನ್ನೇ ಕಾಣ್ತಿತ್ತಾ? ರಸ್ತೆ ಏನೂ ಕಾಣಲ್ವಲ್ಲೇ ಇಲ್ಲಿ."

"ಕಾಣಲ್ಲ."

"ಮತ್ತೆ ಹೆಂಗೆ ಕೂತ್ಕೋತಿದ್ದೆ?"

"ನಂಬಿ ಕೂತ್ಕೋತಿದ್ದೆ," ಎಂದೆ. "ಈಗ ನೀವು ಕೂತ್ಕೊಳ್ಳಿ."

ಇವರು ಪೆಟ್ಟಿಗೆಯನ್ನು ಒಂದು ಕೈಗೆ ಬದಲಾಯಿಸಿಕೊಂಡು, ಇನ್ನೊಂದು ಕೈಯನ್ನು ನನ್ನ ಭುಜದ ಮೇಲಿಟ್ಟರು. ಇಟ್ಟಿದ್ದು ಎಡಗೈ. ಮೂರನೇ ತಿರುವಿನಲ್ಲಿ ಗೇರ್ ಇಳಿಸಿದೆ, ಗಾಡಿ ಒಮ್ಮೆ ಗುಟುರು ಹಾಕಿ, ಎಲ್ಲೂ ಜಾರದೆ ಎಳೆದುಕೊಂಡು ಹೋಯಿತು.

ಅಕ್ಕ ಕೋಲು ಊರಿಕೊಂಡು ಗೇಟಿನಲ್ಲೇ ನಿಂತಿದ್ದರು. ನಮ್ಮಿಬ್ಬರನ್ನೂ ಅದಲು ಬದಲಾಗಿ ನೋಡಿ, "ಯಾಕೋ ನೀನು ಹಿಂದೆ ಕೂತಿದ್ದೀಯ?" ಎಂದು ತಮ್ಮನನ್ನು ಕೇಳಿದರು.

ಏನಾದರೊಂದು ನೆಪ ಹೇಳುತ್ತಾರೆ ಎಂದುಕೊಂಡೆ. ಚಳಿ, ಬೆವರು, ಕನ್ನಡಕ, ಇವರ ಹತ್ತಿರ ನೆಪಕ್ಕೆ ಬರವಿಲ್ಲ.

"ನನ್ ಕೈ ಎಂಟು ಕಿಲೋ ಅಕ್ಕ," ಎಂದರು ಇವರು, ಪಕ್ಕದ ಮನೆಗೂ ಕೇಳುವಷ್ಟು ಗಟ್ಟಿಯಾಗಿ. "ಸ್ಪ್ರಿಂಗು ಒಂಬತ್ತು ಕೇಳುತ್ತೆ. ಇವಳದು ಹನ್ನೆರಡೂವರೆ. ನಾನೇ ತೂಗಿ ನೋಡಿದ್ದೀನಿ."

ಅಕ್ಕನಿಗೆ ತಲೆಬುಡ ತಿಳಿಯಲಿಲ್ಲ. "ಟೀ ಆರೋಗ್ತಿದೆ, ಬನ್ನಿ," ಎಂದು ಪೆಟ್ಟಿಗೆ ಇಸಿದುಕೊಂಡು ಒಳಗೆ ಹೋದರು.